ಕತ್ತಿ ಬಿಟ್ಟ ಕೈಗೆ ಬಾಳೆಹಣ್ಣು

ಹೂಗೈ ಅಣ್ಣ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಬೇಕರಿಗೂ ಗಡಿಯಾರ ರಿಪೇರಿ ಅಂಗಡಿಗೂ ನಡುವೆ, ಮಹಡಿ ಮೆಟ್ಟಿಲಿನ ಕೆಳಗೆ ಅವರ ಕ್ಷೌರದ ಅಂಗಡಿ. ಎರಡು ತಿರುಗು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಅಷ್ಟರಲ್ಲೇ ನಲವತ್ತನಾಲ್ಕು ವರ್ಷ ಬಾಳಿದ ಮನುಷ್ಯ. ಅವರು ಗಡ್ಡ ತೆಗೆದರೆ ಕತ್ತಿ ಮುಖಕ್ಕೆ ಮುಟ್ಟಿತೋ ಇಲ್ಲವೋ ಎಂದು ಕೆನ್ನೆ ಸವರಿ ನೋಡಿಕೊಳ್ಳಬೇಕಿತ್ತಂತೆ. ಹಾಗಾಗಿ ಯಾರೋ ಗಿರಾಕಿ ಇಟ್ಟ ಹೆಸರು ‘ಹೂಗೈ’. ಅದೇ ನಿಂತಿತು.

ಅರವತ್ತೇಳನೇ ವಯಸ್ಸಿನಲ್ಲಿ ಆ ಕೈ ನಡುಗಲು ಶುರುವಾಯಿತು. ಮೊದಲು ಗೊತ್ತಾಗಿದ್ದು ಚಹಾ ಕುಡಿಯುವಾಗ. ತಟ್ಟೆಯ ಮೇಲೆ ಕಪ್ ಕಟಕಟ ಎಂದಿತು. ಅವರು ತಟ್ಟೆಯನ್ನೇ ಬಿಟ್ಟು ಲೋಟದಲ್ಲಿ ಕುಡಿಯಲು ಶುರುಮಾಡಿದರು. ಅಂಗಡಿಯಲ್ಲಿ ಮಣಿಕಟ್ಟನ್ನು ಗಿರಾಕಿಯ ಹೆಗಲಿಗೆ ಊರಿ, ಉಸಿರು ಬಿಗಿಹಿಡಿದು ಕತ್ತಿ ಆಡಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಮಗನಿಗೆ ಕಾಣುತ್ತಿತ್ತು. ಆದರೆ ಅಪ್ಪನಿಗೆ ಹೇಳುವಷ್ಟು ಗಟ್ಟಿ ಎದೆ ಅವನದಲ್ಲ.

ಕೊನೆಗೆ ಒಂದು ಶನಿವಾರ ಕನ್ನಡಕದ ಮೇಷ್ಟ್ರ ಕೆನ್ನೆಯ ಮೇಲೆ ಕತ್ತಿ ಜಾರಿತು. ಮೇಷ್ಟ್ರು ಇಪ್ಪತ್ತು ವರ್ಷದಿಂದ ತಪ್ಪದೆ ಬರುತ್ತಿದ್ದ ಗಿರಾಕಿ. ಕಿವಿಯ ಕೆಳಗಿಂದ ಎರಡು ಬೆರಳಿನಷ್ಟು ಉದ್ದದ ಗೀರು. ಬಿಳಿ ನೊರೆ ಕೆಂಪಾಯಿತು.

“ಏನೂ ಆಗಿಲ್ಲ, ಪಟಿಕ ಕೊಡಿ ಸಾಕು” ಎಂದರು ಮೇಷ್ಟ್ರು. ಆಮೇಲೆ ಕನ್ನಡಿಯಲ್ಲೇ ಅವರನ್ನು ನೋಡಿ, “ನೀವು ಕೂತ್ಕೊಳ್ಳಿ ಮೊದ್ಲು” ಎಂದರು.

ಉಳಿದರ್ಧ ಗಡ್ಡ ಮಗ ತೆಗೆದ. ಆ ಹೊತ್ತಿಗೇ ಹೂಗೈ ಅಣ್ಣ ಕತ್ತಿಯನ್ನು ಒರೆಸಿ, ಮಡಚಿ, ಡ್ರಾಯರಿಗೆ ಹಾಕಿದರು. ಮತ್ತೆ ಅದನ್ನು ಹೊರಗೆ ತೆಗೆಯಲಿಲ್ಲ.

ನರದ ಡಾಕ್ಟರು ಪರೀಕ್ಷೆ ಮಾಡಿ, ಇದು ಜೀವಕ್ಕೆ ತೊಂದರೆ ಕೊಡುವ ಕಾಯಿಲೆ ಅಲ್ಲ, ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಹೂಗೈ ಅಣ್ಣ ಮನೆ ಹಿಡಿದರು. ಬೆಳಗ್ಗೆ ಏಳಕ್ಕೆ ಅಂಗಡಿ ಬಾಗಿಲು ತೆಗೆದು ರೂಢಿಯಾದವರಿಗೆ ಮನೆಯಲ್ಲಿ ಏನು ಕೆಲಸ? ಪಾತ್ರೆ ಜೋಡಿಸಿದ ಸ್ಟ್ಯಾಂಡನ್ನು ಇನ್ನೊಂದು ಸಲ ಜೋಡಿಸಿದರು. ಕಿಟಕಿ ಗಾಜು ಒರೆಸಿದರು. ಮೂರನೇ ವಾರಕ್ಕೆ ಅವರ ಹೆಂಡತಿಗೆ ತಲೆ ಕೆಟ್ಟುಹೋಯಿತು.

“ರೀ, ನೀವು ಮನೇಲಿದ್ರೆ ನನಗೆ ಎರಡರಷ್ಟು ಕೆಲಸ. ಹೋಗಿ ಅಂಗಡಿ ಬೆಂಚ್ ಮೇಲಾದ್ರೂ ಕೂತ್ಕೊಳ್ಳಿ.”

“ಕೂತು ಏನು ಮಾಡ್ಲಿ? ಜನ ಬಂದು ಪಾಪ ಅಂತಾರೆ.”

ಅವರ ಸೊಸೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ವಾರದ ಆರು ದಿನ ಹಬೆ ಉಗುಳುವ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತು ಅವಳ ಕೆನ್ನೆ ಒಣಗಿ ಬಿರಿಯುತ್ತಿತ್ತು. ಅದಕ್ಕೆ ಭಾನುವಾರ ಬೆಳಗ್ಗೆ ಯಾರೂ ತಿನ್ನದೆ ಉಳಿದ, ಸಿಪ್ಪೆ ಕಪ್ಪಾದ ಬಾಳೆಹಣ್ಣು ಕಿವುಚಿ, ಒಂದು ಚಮಚ ಮೊಸರು, ಅರ್ಧ ಚಮಚ ಜೇನು ಬೆರೆಸಿ ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದಳು. ಆ ಭಾನುವಾರ ಲೇಪ ಸ್ವಲ್ಪ ಹೆಚ್ಚೇ ಆಯಿತು.

“ಅತ್ತೆ, ನೀವೂ ಹಚ್ಕೊಳ್ಳಿ.”

“ಈ ವಯಸ್ಸಲ್ಲಿ ನನ್ನ ಮುಖ ಯಾರು ನೋಡ್ಬೇಕು?”

“ಮಾವ ನೋಡ್ತಾರಲ್ಲ.”

“ಅವರಾ? ಎದುರಿಗೆ ಯಾರೇ ಬರ್ಲಿ, ಗಡ್ಡ ಎಷ್ಟು ಬಂದಿದೆ ಅಂತ ಮಾತ್ರ ನೋಡೋದು.”

ಸೊಸೆ ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಬಟ್ಟಲನ್ನು ಅಲ್ಲೇ ಪಾತ್ರೆ ಜೋಡಿಸುತ್ತಿದ್ದ ಮಾವನ ಕೈಗೆ ಕೊಟ್ಟು, ಕಪಾಟಿನಲ್ಲಿದ್ದ ಅವರದೇ ಹೊಸ ಗಡ್ಡದ ಬ್ರಷ್ ತಂದಿಟ್ಟು, “ಮಾವ, ಹಣ್ಣು ಕಪ್ಪಾಗೋಕೆ ಮುಂಚೆ ಅತ್ತೆಗೆ ಹಚ್ಚಿಬಿಡಿ. ಕಣ್ಣಿನ ಸುತ್ತ ಬೇಡ” ಎಂದು ಹೊರಗೆ ಹೋದಳು.

ಹೂಗೈ ಅಣ್ಣ ಬಟ್ಟಲು ಹಿಡಿದು ಸುಮ್ಮನೆ ನಿಂತರು. ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಮುಖ ಎತ್ತಿದರು. ಎಷ್ಟು ಸಾವಿರ ಮುಖಗಳು ಹೀಗೆ ತಮ್ಮೆದುರು ಎತ್ತಿಕೊಂಡಿದ್ದವೋ, ಅವರಿಗೆ ಲೆಕ್ಕವಿಲ್ಲ. ಈ ಮುಖ ಮಾತ್ರ ಒಮ್ಮೆಯೂ ಹಾಗೆ ಎತ್ತಿರಲಿಲ್ಲ. ಬ್ರಷ್ಷನ್ನು ಅದ್ದಿ ಹಣೆಗೆ ಇಟ್ಟರು. ಕೈ ನಡುಗಿತು. ಬ್ರಷ್ಷಿನ ಕೂದಲು ಹಣೆಯ ಮೇಲೆಲ್ಲ ಸಣ್ಣಗೆ ಅಲುಗಾಡಿತು.

“ಛೆ” ಎಂದು ಕೈ ಹಿಂದಕ್ಕೆ ತೆಗೆದುಕೊಂಡರು.

“ನಿಲ್ಲಿಸ್ಬೇಡಿ ರೀ. ಹಿತವಾಗಿದೆ. ಯಾರೋ ಹಣೆ ತಟ್ಟಿ ಮಲಗಿಸಿದ ಹಾಗಿದೆ.”

ಅವರು ಮುಂದುವರಿಸಿದರು. ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ. ಎಡಹುಬ್ಬಿನ ಮೇಲ್ಗಡೆ ಒಂದು ಹಳೆಯ ಗಾಯದ ಗುರುತು ಕಂಡಿತು.

“ಇದು ಯಾವಾಗ ಆಗಿದ್ದು?”

“ಮೂವತ್ತು ವರ್ಷ ಆಯ್ತು. ಕುಕ್ಕರ್ ಮುಚ್ಚಳ ತಾಗಿದ್ದು. ಆವತ್ತು ಅಂಗಡೀಲಿ ನಿಮಗೆ ರಶ್ಶು.”

ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಹೂಗೈ ಅಣ್ಣ ಆ ಗುರುತಿನ ಮೇಲೆ ಬ್ರಷ್ ಬಿಟ್ಟು ಬೆರಳಿನಿಂದಲೇ ಲೇಪ ಸವರಿದರು. ಇಷ್ಟು ವರ್ಷ ಈಕೆ ನನ್ನ ಜೊತೆ ಇದ್ದಳಲ್ಲ ಎನ್ನುವುದು ಆ ಬೆಳಗ್ಗೆ ಅವರಿಗೆ ಹೊಸ ಸುದ್ದಿಯ ಹಾಗೆ ತಿಳಿಯಿತು. ಕಾಲು ಗಂಟೆಯ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಟವೆಲ್ ಅದ್ದಿ ಮುಖ ಒರೆಸಿದರು. ತಿಕ್ಕಲಿಲ್ಲ, ಒತ್ತಿ ಒತ್ತಿ ತೆಗೆದರು. ಅದು ಅವರಿಗೆ ಹುಟ್ಟಿನಿಂದ ಬಂದಷ್ಟು ಸಲೀಸು. ಹೆಂಡತಿಯ ಕಣ್ಣು ಮುಚ್ಚಿಯೇ ಇತ್ತು. ಕೂತಲ್ಲೇ ಸಣ್ಣ ನಿದ್ದೆ ಬಂದುಬಿಟ್ಟಿತ್ತು.

ಮರುದಿನ ಏಳಕ್ಕೆ ಹೂಗೈ ಅಣ್ಣ ಒಂದು ಡಬ್ಬಿ ಹಿಡಿದು ಅಂಗಡಿಗೆ ಹೊರಟರು.

ಮಗ ಗಾಬರಿಯಾದ. “ಅಪ್ಪ, ಕತ್ತಿ ಹಿಡಿಯಲ್ಲ ತಾನೇ?”

“ಇಲ್ಲ ಕಣೋ. ನೀನು ಗಡ್ಡ ತೆಗಿ. ನಾನು ಮುಖ ನೋಡ್ಕೋತೀನಿ.”

ಮೊದಲು ಕುಳಿತವರು ಮೇಷ್ಟ್ರೇ. ಕೆನ್ನೆಯ ಗೀರು ಪೂರ್ತಿ ಮಾಸಿತ್ತು. ಅವರು ಕುತೂಹಲಕ್ಕೆ ಕುಳಿತರೋ, ಹಳೆಯ ಸ್ನೇಹಕ್ಕೆ ಕುಳಿತರೋ ಗೊತ್ತಿಲ್ಲ. ಲೇಪ ಒಣಗುವ ಮೊದಲೇ ಗೊರಕೆ ಹೊಡೆದರು. ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದ್ದ ಮೇಲೆ ಮೇಷ್ಟ್ರು ಕೆನ್ನೆ ಸವರಿಕೊಂಡು, “ಸ್ಕೂಲಿನಲ್ಲಿ ಮಕ್ಕಳು ನನ್ನ ಗುರುತು ಹಿಡಿತಾರೋ ಇಲ್ವೋ” ಎಂದು ನಕ್ಕರು.

ಇಷ್ಟಕ್ಕೇ ಹೂಗೈ ಅಣ್ಣನ ಹುಮ್ಮಸ್ಸು ನೆತ್ತಿಗೇರಿತು. ಯಾರೋ ಹೇಳಿದರೆಂದು ಮುಂದಿನ ವಾರ ಲೇಪಕ್ಕೆ ನಿಂಬೆರಸ ಹಿಂಡಿ, ಆಗಷ್ಟೇ ಗಡ್ಡ ತೆಗೆಸಿಕೊಂಡಿದ್ದ ಬಸ್ ಡ್ರೈವರನ ಮುಖಕ್ಕೆ ಹಚ್ಚಿಬಿಟ್ಟರು. ಡ್ರೈವರ್ ಕುರ್ಚಿಯಿಂದ ಹಾರಿದ. “ಉರಿ, ಉರಿ!” ಎಂದು ನಲ್ಲಿಗೆ ತಲೆ ಕೊಟ್ಟ. ಮುಖ ಟೊಮೆಟೊ ಆಯಿತು. ಹೂಗೈ ಅಣ್ಣ ಅವನನ್ನು ಕರೆದುಕೊಂಡು ಎರಡು ಬೀದಿ ಆಚೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಓಡಿದರು.

ಡಾಕ್ಟರಮ್ಮ ಡ್ರೈವರಿಗೆ ತಣ್ಣಗಿನ ಮುಲಾಮು ಕೊಟ್ಟು ಕಳಿಸಿ, ಇವರನ್ನು ಕೂರಿಸಿಕೊಂಡರು.

“ನಿಂಬೆ ಮುಖಕ್ಕೆ ಬೇಡವೇ ಬೇಡ ಯಜಮಾನ್ರೇ. ಅದರ ಹುಳಿ ಚರ್ಮಾನ ಸುಡುತ್ತೆ, ಆಮೇಲೆ ಬಿಸಿಲಿಗೆ ಹೋದ್ರೆ ಕಲೆ ಬೀಳುತ್ತೆ. ಗಡ್ಡ ತೆಗೆದ ದಿನ ಏನೂ ಹಚ್ಬೇಡಿ. ಹೊಸಬರಿಗೆ ಮೊದ್ಲು ಮೊಣಕೈ ಒಳಗಡೆ ಚೂರು ಹಚ್ಚಿ, ಮಾರನೇ ದಿನ ನೋಡಿ.”

“ಪಪ್ಪಾಯಿ ಹಚ್ಬಹುದಾ ಅಮ್ಮ?”

“ಚೆನ್ನಾಗಿ ಹಣ್ಣಾಗಿದ್ರೆ, ಒಗ್ಗೋರಿಗೆ ಮಾತ್ರ. ಪಪ್ಪಾಯಿ ಕಾಯಿಯ ಹಾಲು ತಾಗಿದ್ರೆ ನನ್ನ ಹತ್ರ ಬರೋರು ಜಾಸ್ತಿ ಆಗ್ತಾರೆ. ಇದರಿಂದ ಮುಖ ಸ್ವಲ್ಪ ಹೊತ್ತು ಮೆತ್ತಗಾಗುತ್ತೆ, ಮನಸ್ಸಿಗೆ ಹಿತ. ಅದಕ್ಕಿಂತ ಜಾಸ್ತಿ ಯಾರಿಗೂ ಆಸೆ ತೋರಿಸ್ಬೇಡಿ.”

ಹೂಗೈ ಅಣ್ಣ ಎದ್ದು ನಿಂತು ಕೈ ಮುಗಿದರು. ಆ ವಯಸ್ಸಿನಲ್ಲಿ ತಮ್ಮನ್ನು ಗದರಿಸದೆ ಕೂರಿಸಿ ಹೇಳಿಕೊಟ್ಟರಲ್ಲ ಎಂದು ಇವತ್ತಿಗೂ ಆ ಡಾಕ್ಟರಮ್ಮನನ್ನು ನೆನೆಯುತ್ತಾರೆ. ಡ್ರೈವರನ ಮನೆಗೆ ಮೂರು ದಿನ ದಿನಾ ಹೋಗಿ ವಿಚಾರಿಸಿಕೊಂಡು ಬಂದರು. ನಾಲ್ಕನೇ ದಿನ ಅವನೇ, “ಅಣ್ಣ, ನೀವು ಬರೋದು ನೋಡಿ ನನ್ನ ಹೆಂಡತಿ ನನಗೇನೋ ದೊಡ್ಡ ಕಾಯಿಲೆ ಅಂದ್ಕೊಂಡಿದ್ದಾಳೆ, ದಮ್ಮಯ್ಯ, ನಿಲ್ಲಿಸಿ” ಎಂದ.

ಅಲ್ಲಿಂದ ಮುಂದೆ ಎಲ್ಲ ಡಾಕ್ಟರಮ್ಮ ಹೇಳಿದ ಹಾಗೆ. ಒಣ ಮುಖಕ್ಕೆ ಬಾಳೆಹಣ್ಣು, ಎಣ್ಣೆ ಜಿಡ್ಡಿನ ಮುಖಕ್ಕೆ ಸೌತೆಕಾಯಿ, ಮೊಸರು. ಹಣ್ಣು ಅಂದಂದೇ ಕಿವುಚಬೇಕು, ಉಳಿದದ್ದು ಎಸೆಯಬೇಕು. ತೊಳೆದು ನೀರಪಸೆ ಇರುವಾಗಲೇ ಚೂರು ಸಾದಾ ಕ್ರೀಮು. ಬಿಸಿಲಿಗೆ ಹೋಗುವವರಿಗೆ ಟೋಪಿ. ಬೇಕರಿಯ ಒಲೆಯ ಮುಂದೆ ನಿಲ್ಲುವವನು, ಲಾರಿ ಇಳಿಸುವವರು, ಬ್ಯಾಂಕಿನ ಕಾವಲುಗಾರ, ಮುಖಕ್ಕೆ ಸೋಪು ಬಿಟ್ಟರೆ ಬೇರೇನೂ ಕಾಣದ ಗಂಡಸರು ಸಾಲಾಗಿ ಬೆಂಚಿನ ಮೇಲೆ ಕುಳಿತರು. ಮೊದಮೊದಲು ಬಾಗಿಲ ಪರದೆ ಎಳೆಯಿರಿ ಎನ್ನುತ್ತಿದ್ದರು. ಆಮೇಲೆ ನಾಚಿಕೆ ತಾನಾಗಿ ಹೋಯಿತು.

ಒಬ್ಬ ಮದುವೆ ಗಂಡು ಕೇಳಿದ, “ಅಣ್ಣ, ಹತ್ತು ದಿನದಲ್ಲಿ ಬೆಳ್ಳಗಾಗ್ತೀನಾ?”

“ಬೆಳ್ಳಗಾಗ್ಬೇಕಂದ್ರೆ ಗೋಡೆಗೆ ಬಳಿಯೋ ಸುಣ್ಣ ತಗೊಂಡು ಬಾ. ನನ್ನ ಹತ್ರ ಇರೋದು ಹಣ್ಣು. ಹುಡುಗಿ ಒಪ್ಪಿದ್ದು ಈ ಮುಖಾನೇ ಅಲ್ವಾ? ಅದನ್ನೇ ಸ್ವಲ್ಪ ನಿದ್ದೆ ಮಾಡಿಸಿ ಕಳಿಸ್ತೀನಿ, ಕೂತ್ಕೋ.”

ವರ್ಷದ ತಪಾಸಣೆಗೆ ಹೋದಾಗ ನರದ ಡಾಕ್ಟರು ಮಾತ್ರೆ ಸ್ವಲ್ಪ ಹೆಚ್ಚಿಸಲೇ ಎಂದು ಕೇಳಿದರು.

“ಬೇಡ ಸಾರ್. ಊಟ ಮಾಡುವಾಗ ಸಾರು ಚೆಲ್ಲದಿದ್ರೆ ಸಾಕು. ಉಳಿದ ನಡುಕ ಇರ್ಲಿ, ಅದಕ್ಕೇ ಜನ ನಿದ್ದೆ ಮಾಡ್ತಿರೋದು.”

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು.

ಅಂಗಡಿಗೆ ರಜೆ ಇರುವ ಮಂಗಳವಾರ ಈಗ ಹೆಂಗಸರದು. ಇದು ಹೂಗೈ ಅಣ್ಣನ ಹೆಂಡತಿಯ ಏರ್ಪಾಡು. ಮದುವೆಯಾಗಿ ಅಷ್ಟು ವರ್ಷದಲ್ಲಿ ಆಕೆ ಆ ಅಂಗಡಿಯ ಹೊಸ್ತಿಲು ದಾಟಿದ್ದು ಊಟದ ಡಬ್ಬಿ ಕೊಡುವುದಕ್ಕೆ ಮಾತ್ರ. ಈಗ ಆಕೆಯೇ ಬಾಗಿಲು ತೆಗೆದು, ಬೀದಿಯ ಹೊಲಿಗೆಯಮ್ಮನನ್ನು, ಗಡಿಯಾರದವನ ತಾಯಿಯನ್ನು, ಹಣ್ಣು ಮಾರುವ ಹೆಂಗಸನ್ನು ಕೂರಿಸಿ ಲೇಪ ಹಚ್ಚುತ್ತಾರೆ. ಸೊಸೆ ಮಂಗಳವಾರ ಅರ್ಧ ದಿನ ರಜೆ ಹಾಕಿ ಬರುತ್ತಾಳೆ. ಹೂಗೈ ಅಣ್ಣನಿಗೆ ಒಳಗೆ ಪ್ರವೇಶವಿಲ್ಲ. ಹಣ್ಣು ಕಿವುಚಿ ಬಾಗಿಲಿನಿಂದ ಬಟ್ಟಲು ಕೊಡುವುದಷ್ಟೇ ಅವರ ಕೆಲಸ.

ಮೊನ್ನೆ ಹಾಗೆ ಹೊರಗೆ ಮೆಟ್ಟಿಲ ಮೇಲೆ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದಾಗ ಬೇಕರಿಯವನು ಬಂದು ಪಕ್ಕದಲ್ಲಿ ಕುಳಿತ.

“ಏನಣ್ಣ, ನಿಮ್ಮ ಅಂಗಡಿಯಿಂದಲೇ ನಿಮ್ಮನ್ನ ಹೊರಗೆ ಹಾಕಿದ್ರಾ?”

“ಹೂಂ ಕಣಪ್ಪ” ಎಂದರು ಅವರು. ಒಳಗಿನಿಂದ ಹೆಂಗಸರ ನಗು ಬೀದಿಗೆಲ್ಲ ಕೇಳುತ್ತಿತ್ತು. “ಎಂಥ ಪುಣ್ಯ ನೋಡು” ಎನ್ನುತ್ತ ಇನ್ನೊಂದು ಹಣ್ಣಿಗೆ ಕೈಹಾಕಿದರು.