ಶಾಲು ಹೊದ್ದು ಹೇಳಿದ ಮಾತು

ಹೊರದೇಶದಿಂದ ಬಂದವರನ್ನು ಸುಮ್ಮನೆ ಮನೆಯಲ್ಲಿ ಕೂರಲು ಬಿಡುವ ಊರಲ್ಲ ಭದ್ರಾವತಿ. ಹಿಡಿದು ತಂದು, ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟ ಮೇಲೇ ಬಿಡುಗಡೆ. ಎರಡು ವರ್ಷ ಮಾಲ್ಡೀವ್ಸಿನ ದ್ವೀಪವೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ, 2002ರ ಡಿಸೆಂಬರಿನಲ್ಲಿ ಊರಿಗೆ ಬಂದ ಸರ್ವಮಂಗಳಾ ಇದನ್ನು ಮರೆತಿದ್ದಳು. ಅವಳು ರಜೆ ಹಾಕಿ ಹೋಗಿದ್ದ ಹಳೇನಗರದ ಹೈಸ್ಕೂಲಿನ ಕಾರ್ಯದರ್ಶಿ ಓಂಕಾರಪ್ಪನವರು ಮರೆತಿರಲಿಲ್ಲ. ಶಾಲು ಶಿವಮೊಗ್ಗದ ಗಾಂಧಿ ಬಜಾರಿನದೇ ಆಗಬೇಕೆಂದು ಖುದ್ದಾಗಿ ಬಸ್ಸು ಹತ್ತಿ ಹೋಗಿ ತಂದಿದ್ದರು.

ಆಹ್ವಾನ ಪತ್ರಿಕೆಯಲ್ಲಿ ‘ವಿದೇಶ ಸೇವೆ ಮುಗಿಸಿ ತಾಯ್ನಾಡಿಗೆ ಮರಳಿದ ನಮ್ಮ ಹೆಮ್ಮೆಯ ಶಿಕ್ಷಕಿ’ ಎಂದು ಅಚ್ಚಾಗಿತ್ತು. ಕಷ್ಟ ಇದ್ದದ್ದು ಅಲ್ಲೇ. ಮಂಗಳಾ ಮುಗಿಸಿ ಬಂದಿರಲಿಲ್ಲ. ಇನ್ನೊಂದು ವರ್ಷ ಇರುತ್ತೇನೆಂದು ಅಲ್ಲಿಯ ಪ್ರಿನ್ಸಿಪಾಲರಿಗೆ ಮಾತು ಕೊಟ್ಟು ಬಂದಿದ್ದಳು. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೇಳಬಾರದೆಂದಲ್ಲ. ಬಂದ ದಿನವೇ ಹೇಳಬೇಕೆಂದಿದ್ದಳು. ಆದರೆ ಅತ್ತೆ ಮಹಾಂತಮ್ಮ ಹೋಳಿಗೆ ಬಡಿಸುತ್ತಾ, “ಇನ್ನು ನನಗೆ ಒಲೆ ಮುಂದಿನಿಂದ ರಿಟೈರ್‌ಮೆಂಟು” ಎಂದರು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಗುಮಾಸ್ತನಾಗಿದ್ದ ಗಂಡ ವೀರೇಂದ್ರ, ಎರಡು ವರ್ಷದಲ್ಲಿ ಮೊದಲ ಸಲ ಬೆಳಗ್ಗೆ ಏಳಕ್ಕೆ ಎದ್ದು ನಿರಾಳವಾಗಿ ಪೇಪರು ಓದಿದ. ಒಂಬತ್ತನೇ ತರಗತಿಯ ಮಗಳು ರಶ್ಮಿಯಂತೂ, “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಎಲ್ಲಾ ನಿನಗೇ ಬಿಟ್ಟಿದೀನಿ ಅಮ್ಮ, ನಾನು ಮುಟ್ಟೇ ಇಲ್ಲ” ಎಂದು ನಕ್ಕಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಮಂಗಳೆಯ ಪಾಡು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವಳು ಹೊಳಲೂರಿನವಳು. ಕನ್ನಡ ಮಾಧ್ಯಮದಲ್ಲಿ ಓದಿ, ಶಿವಮೊಗ್ಗದಲ್ಲಿ ಬಿ.ಎಡ್. ಮುಗಿಸಿ ಇಂಗ್ಲಿಷ್ ಟೀಚರಾದವಳು. ನಮ್ಮ ಹೈಸ್ಕೂಲುಗಳಲ್ಲಿ ಇಂಗ್ಲಿಷನ್ನೂ ಕನ್ನಡದಲ್ಲೇ ಹೇಳಿಕೊಡುವುದು. ಟೀಚರಿಗೂ ಸುಖ, ಮಕ್ಕಳಿಗೂ ಸುಖ, ಇಂಗ್ಲಿಷ್ ಮಾತ್ರ ಯಾರಿಗೂ ಬರುವುದಿಲ್ಲ! ದ್ವೀಪದಲ್ಲಿ ಆ ಆಸರೆ ಇರಲಿಲ್ಲ. ಮಕ್ಕಳ ಭಾಷೆ ಇವಳಿಗೆ ಬಾರದು, ಇವಳ ಕನ್ನಡ ಅವರಿಗೆ ಬಾರದು. ಮೊದಲ ತಿಂಗಳು ಮಕ್ಕಳು ಬಾಯಿ ಬಿಡಲಿಲ್ಲ, ಇವಳು ರೂಮಿಗೆ ಹೋಗಿ ಅತ್ತಳು. ಆಮೇಲೆ ಮೀನು, ದೋಣಿ, ಬಕೆಟ್ಟು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತೋರಿಸಿ ಮಾತಾಡಿದಳು, ಮಾತಾಡಿಸಿದಳು. ಎರಡನೇ ವರ್ಷ ಅದೇ ಮಕ್ಕಳು ಅವಳೊಂದಿಗೆ ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತರು. ಅವತ್ತು ತಾನು ನಿಜವಾಗಿ ಟೀಚರಾದೆ ಅನ್ನಿಸಿತು ಅವಳಿಗೆ. ಆ ಮಕ್ಕಳಿಗೆ ಮುಂದಿನ ನವೆಂಬರಿನಲ್ಲಿ ಹತ್ತನೇ ತರಗತಿಯ ದೊಡ್ಡ ಪರೀಕ್ಷೆ. ಎಂಟನೇ ತರಗತಿಯಲ್ಲಿ ಹಿಡಿದ ಬ್ಯಾಚನ್ನು ಹತ್ತನೇ ತರಗತಿ ದಾಟಿಸಿಯೇ ಕೈಬಿಡುವುದು ನಮ್ಮ ಕಡೆಯ ಟೀಚರುಗಳ ರೂಢಿ. ನಡುನೀರಿನಲ್ಲಿ ಬಿಟ್ಟು ಬರುವುದು ಅವಳಿಂದಾಗದು.

ಸನ್ಮಾನದ ದಿನ ಶಾಲೆಯ ಅಂಗಳ ತುಂಬಿತ್ತು. ಮಕ್ಕಳ ಸಾಲಿನಲ್ಲಿ ಮುಂದೆಯೇ ರಶ್ಮಿ, ಹಿಂದೆ ಕುರ್ಚಿಗಳಲ್ಲಿ ಗಂಡ, ಅತ್ತೆ. ಓಂಕಾರಪ್ಪನವರು ಶಾಲು ಹೊದಿಸಿ, ಮೈಕಿನಲ್ಲಿ, “ಮೇಡಂ, ತಾವು ಇಂಗ್ಲಿಷಲ್ಲೇ ಮಾತಾಡಬೇಕು. ಫಾರಿನ್ನಿಂದ ಬಂದೋರ ಇಂಗ್ಲಿಷ್ ಹೆಂಗಿರುತ್ತೆ ಅಂತ ನಮ್ಮ ಮಕ್ಕಳೂ ಕೇಳ್ಲಿ” ಎಂದರು.

ಮಂಗಳಾ ಎದ್ದಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು. ಎಲ್ಲರಿಗೂ ವಂದಿಸಿ, ತಾನು ಕೆಲಸ ಮುಗಿಸಿ ಬಂದಿಲ್ಲವೆಂದೂ, ಜನವರಿಯಲ್ಲಿ ಮತ್ತೆ ಹೋಗಿ ಇನ್ನೊಂದು ವರ್ಷ ಅಲ್ಲೇ ಇರುವೆನೆಂದೂ ಇಂಗ್ಲಿಷಿನಲ್ಲಿ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು.

ಚಪ್ಪಾಳೆಯೋ ಚಪ್ಪಾಳೆ! ಎಲ್ಲರಿಗಿಂತ ಜೋರಾಗಿ ತಟ್ಟಿದವರು ಓಂಕಾರಪ್ಪ. ಮಹಾಂತಮ್ಮ ಪಕ್ಕದವರಿಗೆ “ನಮ್ಮ ಸೊಸೆ” ಎಂದು ತೋರಿಸಿ ತಾವೂ ತಟ್ಟಿದರು. ವೀರೇಂದ್ರ ಯಾರೊಂದಿಗೋ ಮಾತಾಡುತ್ತಿದ್ದವನು, ಎಲ್ಲರೂ ತಟ್ಟಿದರೆಂದು ತಾನೂ ತಟ್ಟಿದ. ಇಡೀ ಅಂಗಳದಲ್ಲಿ ಚಪ್ಪಾಳೆ ತಟ್ಟದೆ ಕೂತವಳು ರಶ್ಮಿ ಒಬ್ಬಳೇ. ಪುಸ್ತಕ ಮುಟ್ಟದಿದ್ದರೂ ತಾಯಿಯ ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತಿತ್ತು.

ಅಲ್ಲಿಗೇ ಕೂತುಬಿಟ್ಟಿದ್ದರೆ ಮಂಗಳಾ ಪಾರು. ಹೇಳಿದ ಹಾಗೂ ಆಗುತ್ತಿತ್ತು, ಹೇಳದ ಹಾಗೂ ಆಗುತ್ತಿತ್ತು. ಆದರೆ ಮಗಳ ಮುಖ ನೋಡಿದ ಮೇಲೆ ಆ ಕಳ್ಳತನ ಬೇಡವೆನ್ನಿಸಿತು. ಮತ್ತೆ ಮೈಕು ಹಿಡಿದು ಕನ್ನಡದಲ್ಲಿ, “ನಾನು ಹೇಳಿದ್ದು ಇಷ್ಟೇ. ಇನ್ನೊಂದು ವರ್ಷ ವಾಪಸ್ ಹೋಗ್ತಾ ಇದೀನಿ. ಅಲ್ಲಿನ ಮಕ್ಕಳ ಪರೀಕ್ಷೆ ಮುಗಿಸೇ ಬರೋದು” ಎಂದಳು.

ಈ ಸಲ ಕೈಗಳೆಲ್ಲ ತೆಪ್ಪಗಾದವು. ಓಂಕಾರಪ್ಪನವರು ಶಾಲನ್ನೇ ದಿಟ್ಟಿಸಿದರು. ಹೊದಿಸಿದ್ದನ್ನು ಕಿತ್ತುಕೊಳ್ಳುವ ಪದ್ಧತಿ ಭದ್ರಾವತಿಯಲ್ಲಿ ಇನ್ನೂ ಬಂದಿಲ್ಲವಾದ್ದರಿಂದ ವಂದನಾರ್ಪಣೆಗೆ ಸನ್ನೆ ಮಾಡಿದರು.

ಮನೆಯಲ್ಲಿ ಮಹಾಂತಮ್ಮ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. “ಊರಿಗೆ ಉಪಕಾರಿ, ಮನೆಗೆ ಮಾರಿ! ಅಲ್ಲ ಮಾರಾಯ್ತಿ, ಆ ಮಕ್ಕಳಿಗೆ ಹೆತ್ತೋರಿಲ್ವಾ?”

“ದುಡ್ಡಿನಾಸೆಗೆ ಹೆಂಡ್ತೀನ ಕಳಿಸಿದಾನೆ ಅಂತಾರೆ ನನ್ನ” ಎಂದ ವೀರೇಂದ್ರ.

“ಅನ್ನಲಿ ಬಿಡ್ರೀ. ನಿಮಗೆ ಮೊದಲೇ ಹೇಳದೇ ಇದ್ದಿದ್ದು ನನ್ನ ತಪ್ಪು, ಬೈಯಿರಿ. ಹೋಗೋದು ತಪ್ಪಲ್ಲ.” ಅವಳ ದನಿ ಏರಲಿಲ್ಲ. ಆಮೇಲೆ ಮಗಳ ಪಕ್ಕದಲ್ಲಿ ಕೂತು, “ಮುಂದಿನ ಡಿಸೆಂಬರಲ್ಲಿ ಬಂದುಬಿಡ್ತೀನಿ ಪುಟ್ಟಾ. ನಿನ್ನ ಪರೀಕ್ಷೆಗೆ ಆಗಲೂ ಮೂರು ತಿಂಗಳು ಇರುತ್ತೆ” ಎಂದಳು.

ರಶ್ಮಿ ತಲೆಯೆತ್ತಿದಳು. “ಮೂರು ತಿಂಗಳು ಸಾಕು ಅಂತ ಆ ಮಕ್ಕಳಿಗೂ ಹೇಳ್ತೀಯಾ?”

ಮಂಗಳೆಯ ಎದೆಗೆ ನೆಟ್ಟಗೆ ನಾಟಿತು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. “ಇಲ್ಲ. ಸಾಲಲ್ಲ. ಸಾಲಲ್ಲ ಅಂತ ಗೊತ್ತಿದ್ದೂ ಹೋಗ್ತಾ ಇದೀನಿ” ಎಂದಳು.

ಹುಡುಗಿ ಪುಸ್ತಕದ ಚೀಲವನ್ನು ಹತ್ತಿರಕ್ಕೆಳೆದುಕೊಂಡಳು. ಕಡೆಗೆ, “ಹಂಗಾದ್ರೆ ಯಾರ ಹತ್ರಾನಾದ್ರೂ ಸೇರಿಸಿ ಹೋಗು. ನಾನು ಫೇಲಾಗಲ್ಲ” ಎಂದಳು. ದನಿ ತಾಯಿಯದೇ.

ಮಾರನೆಯ ದಿನ ಮಂಗಳಾ ಮಗಳನ್ನು ಕರೆದುಕೊಂಡು ಜನ್ನಾಪುರದಲ್ಲಿದ್ದ ನಿವೃತ್ತ ಮೇಷ್ಟ್ರು ಭೈರಪ್ಪನವರ ಮನೆಗೆ ಹೋದಳು. ಅವರು ಪಾಠ ಹೇಳುವ ಜಗಲಿಯ ಮೇಲೆ ಮಕ್ಕಳು ಕೂತಿದ್ದರು. ಬಂದ ಕಾರಣ ಕೇಳಿ ಮೇಷ್ಟ್ರಿಗೆ ನಗು.

“ನಿಮ್ಮ ಮಗಳಿಗೆ ನಾನು ಇಂಗ್ಲಿಷ್ ಹೇಳೋದಾ? ಏನು ತಮಾಷೆ ಮೇಡಂ!”

“ತಮಾಷೆ ಅಲ್ಲ ಸಾರ್. ನಾನು ಬೇರೆಯವರ ಮಕ್ಕಳನ್ನ ಒಪ್ಕೊಂಡುಬಿಟ್ಟಿದೀನಿ. ನನ್ನ ಮಗಳನ್ನ ನೀವು ಒಪ್ಕೊಳ್ಳಿ” ಎಂದು ಮಂಗಳಾ ಕೈಮುಗಿದಳು. ರಶ್ಮಿ ಆಗಲೇ ಜಗಲಿ ಹತ್ತಿ ಮಕ್ಕಳ ನಡುವೆ ಜಾಗ ಮಾಡಿಕೊಂಡು ಕೂತಿದ್ದಳು. ತಾಯಿಯ ಕಡೆ ತಿರುಗಿ ನೋಡಲಿಲ್ಲ.