ಗಾಜಿನೊಳಗಿನ ಬೆಂಕಿಕಡ್ಡಿ

ನಂಬುವವರು ನಂಬಿ, ಬಿಡುವವರು ಬಿಡಿ, ನಗಬೇಡಿ ಅಷ್ಟೆ. ನಾನು ರಿಲೇ ಟೆಸ್ಟ್ ಮಾಡುವವಳು, ದೆವ್ವದ ಕಥೆ ಕಟ್ಟಿ ಹೊಟ್ಟೆ ಹೊರೆಯುವವಳಲ್ಲ.

ನಾಗಪುರದಿಂದ ಮೌದಾ ಕಡೆ ಹೋಗುವ ದಾರಿಯಲ್ಲೊಂದು ಕಾರ್ಖಾನೆ. ಮುಚ್ಚಿದ್ದ ಆ ಕಾರ್ಖಾನೆಗೆ ಒಂದು ಬೆಳಿಗ್ಗೆ ಮತ್ತೆ ಕರೆಂಟ್ ಕೊಡಬೇಕಿತ್ತು. ಸ್ವಿಚ್ ಹಾಕುವವರು ಅಲ್ಲಿನ ಆಪರೇಟರ್, ವಿಜಯಪುರದ ಶಿವಪ್ಪ ಕಾಕಾ. ಎಲ್ಲಾದರೂ ಶಾರ್ಟ್ ಆದರೆ ತಕ್ಷಣ ಕರೆಂಟ್ ಕಡಿದು ಅವರ ಜೀವ ಉಳಿಸಬೇಕಾದದ್ದು ಒಂದೇ ಒಂದು ಮುದಿ ರಿಲೇ. ಗಾಜಿನ ಮುಚ್ಚಳ, ಒಳಗೆ ತಿರುಗುವ ಅಲ್ಯುಮಿನಿಯಂ ತಟ್ಟೆ.

ಅದರ ಮ್ಯಾನ್ಯುಯಲ್ ಎಲ್ಲೂ ಸಿಗಲಿಲ್ಲ. ಮಾಡಿದ ಕಂಪನಿಯೇ ಈಗಿಲ್ಲ. ಇಂಟರ್‌ನೆಟ್ ಜಾಲಾಡಿದೆ, ನಾಗಪುರದ ಸೀತಾಬರ್ಡಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಕೊನೆಗೆ ಮನೀಶ್ ನಗರದ ನಿವೃತ್ತ ಇಂಜಿನಿಯರ್ ಪಾಟೀಲ ಸರ್ ಅದರ ಕೆಲವು ಹಾಳೆಗಳ ಫೋಟೋ ಕಳಿಸಿ ಫೋನ್ ಮಾಡಿದರು.

“ಟೆಸ್ಟ್ ಹ್ಯಾಂಗ ಮಾಡೂದು ಎಲ್ಲಾ ಅದರಾಗ ಐತಿ. ಆದ್ರ ಮುಗದ ಮ್ಯಾಲೆ ಗಾಜಿನೊಳಗ ಮತ್ತೊಮ್ಮೆ ನೋಡವಾ. ಇದು ಪುಸ್ತಕದಾಗ ಇಲ್ಲ.”

“ಯಾಕ್ರಿ ಸರ್?”

“ನೋಡು ಅಂದ್ರ ನೋಡು.”

ಹಿಂದಿನ ರಾತ್ರಿ ಟೆಸ್ಟ್ ಬರೋಬರ್ ಆಯಿತು. ತಟ್ಟೆ ತಿರುಗಿತು, ಟಕ್... ಕರೆಂಟ್ ಕಡಿಯುವ ಬ್ರೇಕರ್ ಬಿತ್ತು. ಮುಚ್ಚಳದ ತಿರುಪು ಬಿಗಿದು ಕಾಕಾನ ಜತೆ ಚಹಾಕ್ಕೆ ಕೂತೆ.

ಆಗ ಬಂತು... ಈಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ.

“ಕಾಕಾ, ಬೀಡಿ ಹಚ್ಚಿದ್ರೇನು?”

“ಇಲ್ಲವಾ... ನಾ ಬೀಡಿ ಬಿಟ್ಟು ಭಾಳ ವರ್ಷ ಆತು.”

ಪಾಟೀಲ ಸರ್ ಮಾತು ನೆನಪಾಗಿ ರಿಲೇಗೆ ಟಾರ್ಚ್ ಬಿಟ್ಟು ನೋಡಿದೆ. ಗಾಜಿನೊಳಗೆ ತಟ್ಟೆ ತಿರುಗದಂತೆ ಒಂದು ಬೆಂಕಿಕಡ್ಡಿ ಸಿಕ್ಕಿಸಿತ್ತು! ಟೆಸ್ಟ್ ಮಾಡುವಾಗ ತಟ್ಟೆ ತಡೆಯಲು ಕೆಲವರು ಹೀಗೆ ಮಾಡುತ್ತಾರೆ, ತೆಗೆಯಲು ಮರೆತೂಬಿಡುತ್ತಾರೆ. ಆಮೇಲೆ ಶಾರ್ಟ್ ಆದರೂ ರಿಲೇ ಕರೆಂಟ್ ಕಡಿಯುವುದಿಲ್ಲ. ನಾನು ಸಿಕ್ಕಿಸಿರಲಿಲ್ಲ. ತಿರುಪುಗಳು ಬಿಗಿದಂತೆಯೇ ಇದ್ದವು.

ಅಷ್ಟರಲ್ಲಿ ಕಾರ್ಖಾನೆ ಮ್ಯಾನೇಜರ್ ಫೋನು. “ಟೆಸ್ಟ್ ಪಾಸಾಯ್ತಲ್ಲ, ರಿಪೋರ್ಟಿಗೆ ಸಹಿ ಹಾಕಿ ಜಲ್ದಿ ಹೊರಡಿ.”

“ಹಾಕಂಗಿಲ್ರಿ,” ಅಂದು ಕಟ್ ಮಾಡಿದೆ.

ಕಡ್ಡಿ ತೆಗೆದೆ, ಮುಚ್ಚಳ ಬಿಗಿದೆ. ಮತ್ತೆ ವಾಸನೆ... ಮತ್ತೆ ಕಡ್ಡಿ. ಸಿಟ್ಟು ನೆತ್ತಿಗೇರಿತು. ಕುರ್ಚಿ ಎಳೆದು ರಿಲೇ ಮುಂದೆಯೇ ಕೂತೆ.

“ಯಾವನರ ಆಗಿರು! ಕಾಕಾನ ಜೀವ ನಿಮ್ಮಪ್ಪನ ಆಸ್ತಿ ಏನು? ನೀ ಇಡಕೋತ ಹೋಗು, ನಾ ತಗೀಕೋತ ಹೋಗ್ತೀನಿ!”

ಬೆಳಗಿನವರೆಗೂ ಅದು ಇಟ್ಟಿತು, ನಾನು ತೆಗೆದೆ. ಹಕ್ಕಿಗಳ ಸದ್ದು ಕೇಳುವ ಹೊತ್ತಿಗೆ ವಾಸನೆ ನಿಂತಿತು. ಇನ್ನೊಮ್ಮೆ ಟೆಸ್ಟ್ ಮಾಡಿದೆ, ಪಾಸಾಯಿತು.

“ನಾ ಇಲ್ಲೇ ನಿಂತಿರ್ತೀನಿ ಕಾಕಾ, ನೀವು ಹಾಕ್ರಿ,” ಅಂದೆ.

ಕಾಕಾ ಸ್ವಿಚ್ ಹಾಕಿದರು. ಒಳಗೆಲ್ಲೋ ಕೇಬಲ್ ಢಬ್ಬೆಂದಿತು. ತಟ್ಟೆ ಗಿರ್ರನೆ ತಿರುಗಿ, ಟಕ್... ಕರೆಂಟ್ ಹೋಯಿತು. ಕಾಕಾ ಬೆವರಿದ್ದರು, ಆದರೆ ಮೈಮೇಲೊಂದು ಗೀರೂ ಇರಲಿಲ್ಲ.

ಪಾಟೀಲ ಸರ್‌ಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಕೇಳಿದರು, “ಎಷ್ಟು ಕಡ್ಡಿ ತಗದಿ?”

“ಲೆಕ್ಕ ಇಟ್ಟಿಲ್ರಿ...”

“ನಾ ಆ ರಿಲೇದಾಗಿಂದ ಒಂದೇ ತಗದಿದ್ದೆ. ಎರಡನೇದು ಬಂತೇನು ಅಂತ ನೋಡಾಕ ನಿಂದರಲಿಲ್ಲ. ಅವತ್ತಿನ ಆಪರೇಟರ್ ಉಳೀಲಿಲ್ಲ,” ಅಂದು ಫೋನ್ ಇಟ್ಟರು.

ಆ ರಿಲೇ ಇನ್ನೂ ಅಲ್ಲೇ ಇದೆ. ಕಾಕಾ ಸ್ವಿಚ್ ಹಾಕಬೇಕಾದಾಗಲೆಲ್ಲ ಹಿಂದಿನ ರಾತ್ರಿಯೇ ಹೋಗಿ ಅದರ ಮುಂದೆ ಕೂರುತ್ತೇನೆ. ಹೆದರಿಕೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಹೋಗುತ್ತೇನೆ.