ನಡುಹೊಳೆಯಲ್ಲಿ ನಿಂತ ಎಂಜಿನ್

ಗೋಪಿನಾಥಂ ಬಳಿ ನಡುಹೊಳೆಯಲ್ಲಿ ನಮ್ಮ ದೋಣಿಯ ಡೀಸೆಲ್ ಎಂಜಿನ್ ನಿಂತಿತು. ಸೆಳೆತ ನಮ್ಮನ್ನು ಬಂಡೆಗಳತ್ತ ಎಳೆಯತೊಡಗಿತು. ಡೀಸೆಲ್ ಇದೆಯೇ ನೋಡಲೆಂದು ದೋಣಿಯ ಮಾದಪ್ಪ ಟ್ಯಾಂಕಿನ ಮುಚ್ಚಳ ತೆಗೆದರೆ ‘ಉಸ್’ ಎಂದು ಗಾಳಿ ಒಳನುಗ್ಗಿತು. ಆಗ ಎಂಜಿನ್ ಶುರುವಾಯಿತು. ಮುಚ್ಚಳ ಹಾಕಿದ ಸ್ವಲ್ಪ ಹೊತ್ತಿಗೇ ಮತ್ತೆ ನಿಂತುಹೋಯಿತು. ಮಾದಪ್ಪ ಮುಚ್ಚಳವನ್ನು ದಿಟ್ಟಿಸಿ, ದೋಣಿಯಲ್ಲೇ ಇದ್ದ ಹೆಂಡತಿಯ ಮೇಲೆ ರೇಗಿದರು.

“ನೆನ್ನೆ ಆಯುಧಪೂಜೇಲಿ ಮುಚ್ಳದ ಗಾಳಿ ತೂತ್ಗೇ ಅರ್ಸಿನ ಮೆತ್ತಿದ್ದೀಯಲ್ಲಮ್ಮೀ! ಗಾಳಿ ಇಲ್ದೆ ಡೀಸಲ್ಲು ಎಂಗಿಳ್ದದು?”

“ದೊಡ್ದಾಗಿ ಬೊಟ್ಟಿಕ್ಕು ಅಂದೋನು ನೀನೇ ಕಣಯ್ಯ! ಮೊದ್ಲು ದಡ ಸೇರ್ಸು, ಆಮೇಲೆ ಬಯ್ಯುವಂತೆ,” ಎಂದು ಆಕೆ ಸೀರೆಯ ಪಿನ್ನು ಕಿತ್ತುಕೊಟ್ಟರು. ತೂತು ಬಿಡಿಸಿದ ಮೇಲೆ ಎಂಜಿನ್ ದಡದವರೆಗೂ ನಿಲ್ಲಲಿಲ್ಲ.

ಈಗ ಹಬ್ಬಕ್ಕೆ ಮಿಕ್ಸಿಗೆ ಬೊಟ್ಟಿಡುವಾಗ ಗಾಳಿಕಿಂಡಿ ಎಲ್ಲಿದೆಯೆಂದು ಮೊದಲು ನೋಡುತ್ತೇನೆ. ಬಂಡೆ ಎಷ್ಟು ಹತ್ತಿರ ಬಂದಿತ್ತೆಂದು ಮಾತ್ರ ಮನೆಯಲ್ಲಿ ಇನ್ನೂ ಹೇಳಿಲ್ಲ.